ತುಂಗಭದ್ರೆಯ ಮಡುವಿನಲ್ಲಿ ಮೀನೆಣಿಕೆ

ಆದವಾನಿಯಿಂದ ಉತ್ತರಕ್ಕೆ ಹೊರಟ ರೈಲು ಕೋಸಿಗಿಯನ್ನು ದಾಟಿ ತುಂಗಭದ್ರೆಯ ತೀರವನ್ನು ಸೇರುತ್ತದೆ. ಈಚೆಗೆ ಮಂತ್ರಾಲಯ, ಆಚೆಗೆ ರಾಯಚೂರು ಸೀಮೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಬಂಡೆಗಳ ನಡುವೆ ಮಡುಗಳಷ್ಟೇ ಉಳಿಯುತ್ತವೆ.

ನೀರುಸಸ್ಯ ಮೇಯುವ ಹರಗಿ ಮೀನು ಕೃಷ್ಣಾ-ತುಂಗಭದ್ರಾ ಕೊಳ್ಳದ್ದು. ಇಂದು ಅಳಿವಿನ ಅಂಚಿನಲ್ಲಿದೆ. ಉಳಿದವೆಷ್ಟು? ಎಲ್ಲವನ್ನೂ ಹಿಡಿದು ಎಣಿಸಲಾಗದು. ಮಡುವೊಂದರಲ್ಲಿ 50 ಮೀನುಗಳಿಗೆ ಗುರುತು ಹಾಕಿ ಬಿಟ್ಟರೆನ್ನೋಣ. ಅವು ಬೆರೆತ ಮೇಲೆ ಹಿಡಿದ 100ರಲ್ಲಿ ಗುರುತಿನವು 5 ಇದ್ದರೆ, ಒಟ್ಟು ಸುಮಾರು 1000. ಆ ಐದು ನಾಲ್ಕಾದರೆ ಲೆಕ್ಕ 1250ಕ್ಕೆ ಏರುತ್ತದೆ; ಮೀನು ವಿರಳವಾದಷ್ಟೂ ಅಂದಾಜು ಹೀಗೆ ಅಲುಗಾಡುತ್ತದೆ. ನಡುವೆ ನೆರೆ ಬಂದು ಮೀನುಗಳು ಚದುರಿದರೆ ಲೆಕ್ಕವೇ ಕೆಡುತ್ತದೆ.

ಆದ್ದರಿಂದ ಎಣಿಕೆಗೆ ಬೇಸಿಗೆಯ ಮಡುವೇ ತಕ್ಕ ತಾಣ. ಬಲೆ ಬೀಸುವವರಿಗೂ ಅದೇ ಸುಲಭದ ತಾಣ.