ನೆನಪಿಗೊಂದು ಕಾವಲು

ಕನ್ನಡದ ಮೇಷ್ಟರಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದೆ ಎಂದು ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಈಚೆಗೆ ಒಂದು ಸುದ್ದಿ ಹಬ್ಬಿದೆ. ಸುದ್ದಿ ಪೂರ್ತಿ ಸುಳ್ಳೆನ್ನಲಾರೆ. ಛಂದಸ್ಸಿನ ಪಾಠದ ನಡುವೆ 'ಮದರ್‌ಬೋರ್ಡು' ಎಂಬ ಮಾತು ಒಮ್ಮೆ ನನ್ನ ಬಾಯಿಂದ ಜಾರಿದ್ದುಂಟು. ಆದರೆ ಹುಚ್ಚಿಗೂ ಒಂದು ಕಾರಣವಿರುತ್ತದೆ. ಅದನ್ನು ಹೇಳಿಕೊಂಡರೆ ಓದುಗರು ಕ್ಷಮಿಸಿಯಾರು.

ನಮ್ಮ ತಂದೆ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಒಕ್ಕಣೆಯ ಮಾತು, ಅಡಿಗೆಮನೆಯ ಮಾತು, ಮಕ್ಕಳಾಟದ ಮಾತು, ಬೈಗುಳ - ಕಿವಿಗೆ ಬಿದ್ದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದಿಡುತ್ತಿದ್ದರು. ಮೇಲೆ ಮಾತು, ಪಕ್ಕದಲ್ಲಿ ಹೇಳಿದವರ ಹೆಸರು, ಕೆಳಗೆ ಅರ್ಥ. ಸೀಮೆಸುಣ್ಣದ ರಟ್ಟಿನ ಪೆಟ್ಟಿಗೆಗಳಲ್ಲಿ ಮೂವತ್ತು ವರ್ಷ ಶೇಖರವಾದ ಚೀಟಿಗಳು ಒಂಬತ್ತು ಸಾವಿರ ದಾಟಿದ್ದುವು. 2019ರಲ್ಲಿ ಅವರು ತೀರಿಕೊಂಡ ಮೇಲೆ ನಾನು ಅವನ್ನೆಲ್ಲ ಸ್ಕ್ಯಾನ್ ಮಾಡಿ ಮನೆಯ ಹಳೆಯ ಕಂಪ್ಯೂಟರಿಗೆ ಏರಿಸಿದೆ. ಮುಂದಿನ ಮಳೆಗಾಲದಲ್ಲಿ ಅಟ್ಟ ಸೋರಿತು; ನೀರು ಬಿಟ್ಟದ್ದನ್ನು ಗೆದ್ದಲು ಮುಗಿಸಿತು. "ಪ್ರತಿ ಮಾಡಿಟ್ಟಿದ್ದೇನಲ್ಲ" ಎಂದು ಅಮ್ಮನಿಗೆ ಧೈರ್ಯ ಹೇಳಿದೆ.

ಆ ಪ್ರತಿಯನ್ನು ಒಂದೊಂದಾಗಿ ತೆರೆದು ನೋಡಲು ನಾಲ್ಕು ವರ್ಷ ಬೇಕಾಯಿತು. ನಲವತ್ತೊಂದು ಚಿತ್ರಗಳ ಕೆಳಗರ್ಧದಲ್ಲಿ ಬೂದುಬಣ್ಣದ ಪಟ್ಟೆ! ಹಳೆಯ ಶಿಷ್ಯನೊಬ್ಬ ಬಂದು ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ರಾತ್ರಿಯೆಲ್ಲ ಓಡಿಸಿದ. ಬೆಳಗಾಗುವಾಗ ಪರದೆಯ ತುಂಬ ಕೆಂಪು ಸಾಲುಗಳು. ಮೆಮೊರಿಯ ಪಟ್ಟಿ ಕೆಟ್ಟಿತ್ತು. ಅದರ ಮೂಲಕ ಹಾದುಹೋದ ಚಿತ್ರಗಳಲ್ಲಿ ಕೆಲವು ಕೆಟ್ಟೇ ಹೋಗಿದ್ದುವು. ಯಂತ್ರ ಮಾತ್ರ ಒಂದು ಸಲವೂ ಕೆಮ್ಮಿರಲಿಲ್ಲ.

ಒಂದು ಚೀಟಿಯಲ್ಲಿ ಮಾತು ಉಳಿದಿದೆ, ಅರ್ಥವಿಲ್ಲ. ಪಕ್ಕದಲ್ಲಿ ನಮ್ಮ ಅಮ್ಮನ ಹೆಸರಿದೆ. ಓಡಿಹೋಗಿ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ನಾನು ಹಾಗಂದಿದ್ದೆನೇ?" ಎಂದು ನಕ್ಕರು.

ಹಸ್ತಪ್ರತಿಶಾಸ್ತ್ರ ಓದಿದವನಿಗೆ ಲಿಪಿಕಾರನ ದೋಷ ಹೊಸದಲ್ಲ. ನಾಲ್ಕು ಪ್ರತಿಗಳಿದ್ದರೆ ಹೋಲಿಸಿ ತಿದ್ದಬಹುದು; ಒಂದೇ ಇದ್ದರೆ ಕೈಮುಗಿಯಬೇಕು. ಕಂಪ್ಯೂಟರೂ ಒಬ್ಬ ಲಿಪಿಕಾರನೇ. ಅದರೊಳಗೆ ಅಕ್ಷರವೆಂದರೆ ಸೊನ್ನೆ ಒಂದುಗಳ ಸಾಲು. ಯೂನಿಕೋಡಿನಲ್ಲಿ 'ಕ'ಕಾರಕ್ಕೂ 'ಗ'ಕಾರಕ್ಕೂ ಒಂದೇ ಬಿಟ್ಟಿನ ಅಂತರ. ಒಂದು ಸೊನ್ನೆ ಒಂದಾದರೆ 'ಕಂಡ' ಎಂದದ್ದು 'ಗಂಡ' ಆಗಿ ಕೂರುತ್ತದೆ. 'ತ'ಕಾರ 'ದ'ಕಾರವಾಗುವುದೂ ಹಾಗೆಯೇ. ಮಳೆಗಾಲ, ಬೆಟ್ಟದಾವರೆ ಎಂದು ವರ್ಷ ವರ್ಷ ಆದೇಶಸಂಧಿ ಹೇಳಿಕೊಡುವ ನನಗೆ ಇದನ್ನು ಕಂಡು ನಗು ಬಂತು. ನಗುವ ಸ್ಥಿತಿಯಲ್ಲಿ ಮಾತ್ರ ನಾನಿರಲಿಲ್ಲ.

ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞನಿಗೂ ಇಂಥದೇ ಸಿಟ್ಟು ಬಂದಿತ್ತಂತೆ. ವಾರದ ಕೊನೆಯಲ್ಲಿ ಯಂತ್ರಕ್ಕೆ ಕೊಟ್ಟುಹೋದ ಲೆಕ್ಕವನ್ನು ಅದು ತಪ್ಪು ಕಂಡೊಡನೆ ಕೈಬಿಡುತ್ತಿತ್ತು. ತಪ್ಪಿದೆಯೆಂದು ತಿಳಿಯುವ ಯಂತ್ರಕ್ಕೆ ಅದು ಎಲ್ಲಿದೆಯೆಂದು ತಿಳಿದು ತಿದ್ದಲೇಕಾಗದು? 1950ರಲ್ಲಿ ಆತ ದಾರಿ ತೋರಿಸಿದ. ಅದೇ ದಾರಿ ಹಿಡಿದದ್ದು ಇ.ಸಿ.ಸಿ. ಮೆಮೊರಿ. ಡಿ.ಡಿ.ಆರ್. 4ರವರೆಗಿನ ಲೆಕ್ಕದಲ್ಲಿ 64 ಬಿಟ್ಟುಗಳಿಗೆ 8 ಬಿಟ್ಟುಗಳ ಕಾವಲು. ಒಂದು ಬಿಟ್ಟು ಕೆಟ್ಟರೆ ತಿದ್ದುತ್ತದೆ. ಎರಡು ಕೆಟ್ಟರೆ ತಿದ್ದಲಾರದು, ಕೂಗಿ ಹೇಳುತ್ತದೆ. 'ಪ'ಕಾರ 'ಬ'ಕಾರವಾಗಲು ಎರಡು ಬಿಟ್ಟು ಬದಲಾಗಬೇಕು. ಅಂದರೆ ಕಣ್ಣಿನ ಪನಿ ಕಂಬನಿಯಾದರೆ ಅದು ಬೊಬ್ಬೆ ಹಾಕುತ್ತದೆ.

ಭೌತಶಾಸ್ತ್ರದ ಗೆಳೆಯರು, "ಕೆಟ್ಟ ಪಟ್ಟಿ ಎಸೆದು ಒಳ್ಳೆಯದನ್ನು ಹಾಕಿದರೆ ಸಾಲದೇ?" ಎಂದರು. ಆಮೇಲೆ ತಾವೇ ಬೆಲ್ಜಿಯಮ್ಮಿನ ಸ್ಕಾರ್ಬೆಕ್ಕಿನ ಕತೆ ಹೇಳಿದರು. 2003ರ ಚುನಾವಣೆಯಲ್ಲಿ ಅಲ್ಲಿಯ ಒಬ್ಬ ಅಭ್ಯರ್ಥಿಗೆ ಯಾರೂ ಹಾಕದ 4096 ಮತಗಳು ಬಂದುವು. 4096 ಎಂದರೆ ಎರಡರ ಹನ್ನೆರಡನೆಯ ಘಾತ. ಒಂದೇ ಬಿಟ್ಟು ಮಗುಚಿದರೆ ಸಾಕು. ಆಕಾಶದಿಂದ ಬಂದ ಕಣವೊಂದರ ಕೆಲಸವಿರಬೇಕೆಂದು ಊಹೆ. ಅಲ್ಲಿಗೆ ನನ್ನ ಮನಸ್ಸು ಗಟ್ಟಿಯಾಯಿತು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಶಿಷ್ಯನೊಡನೆ ಎರಡು ದಿನ ಅಲೆದೆ. ಅಂಗಡಿಯವರು ಬಣ್ಣಬಣ್ಣದ ದೀಪ ಹತ್ತುವ ಬೋರ್ಡುಗಳನ್ನು ತೋರಿಸಿದರು. ಒಂದು ದೇವರ ಪಟದ ಮುಂದೆ ಇಡುವಂತಿತ್ತು. "ಡಿ.ಡಿ.ಆರ್. 5ರಲ್ಲಿ ತಿದ್ದುವ ಏರ್ಪಾಟು ಹುಟ್ಟಿನಿಂದಲೇ ಇದೆ ಸಾರ್" ಎಂದೊಬ್ಬರು. ಅದು ಅರ್ಧ ನಿಜ: ಆ ಏರ್ಪಾಟು ಚಿಪ್ಪಿನೊಳಗಿನದು, ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ಹಾದಿಗೆ ಅದರ ಕಾವಲಿಲ್ಲ. ಇನ್ನೊಬ್ಬರು ಕೊಟ್ಟದ್ದು ರಿಜಿಸ್ಟರ್ಡ್ ಮೆಮೊರಿ, ಅದು ಸರ್ವರುಗಳದು. ನಮಗೆ ಬೇಕಾದದ್ದು ಅನ್‌ಬಫರ್ಡ್ ಇ.ಸಿ.ಸಿ. ಅದು ಸಿಕ್ಕರೂ ಸಾಲದು. ಕೆಲವು ಬೋರ್ಡುಗಳು ಅದನ್ನು ಸೇರಿಸಿಕೊಳ್ಳುತ್ತವೆ, ತಿದ್ದುವ ಕೆಲಸ ಮಾತ್ರ ಮಾಡಿಸವು. ಆದ್ದರಿಂದ ತಯಾರಕರ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿರುವ ಬೋರ್ಡನ್ನೇ ಆರಿಸಿದೆವು. ಅದಕ್ಕೆ ದೀಪಗಳಿರಲಿಲ್ಲ.

ಸಾವಿರಾರು ಚಿತ್ರಗಳನ್ನು ಸ್ವಚ್ಛಗೊಳಿಸಿ, ಅಕ್ಷರ ಗುರುತಿಸುವ ಕೆಲಸಕ್ಕೆ 64 ಜಿ.ಬಿ. ಬೇಕೆಂದ ಶಿಷ್ಯ. ನಾಲ್ಕು ಜಾಗಗಳನ್ನೂ ತುಂಬೋಣವೆಂದೆ. ಅವನು ಬೇಡವೆಂದ. ನಾವು ಕೊಂಡ ರೈಜನ್ 7000 ಸಾಲಿನ ಪ್ರೊಸೆಸರಿಗೆ ಎರಡು ಪಟ್ಟಿಗಳಿದ್ದರೆ 5200ರ ವೇಗ, ನಾಲ್ಕಿದ್ದರೆ 3600 ಎಂದು ತಯಾರಕರೇ ಬರೆದಿದ್ದಾರೆ. 32ರ ಎರಡು ಪಟ್ಟಿಗಳನ್ನು, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಜಾಗದಲ್ಲಿ ಕೂರಿಸಿದೆವು. ಬೆಲೆ ಕೇಳಿ ನನ್ನಾಕೆ, "ತಪ್ಪು ತಿದ್ದುವುದಕ್ಕೆ ಇಷ್ಟು ಕೊಡುವುದಾದರೆ ನಿಮ್ಮ ಸಂಬಳ ಕಡಮೆಯಾಯಿತು" ಎಂದಳು.

ಮೊದಲ ಸಲ ಗುಂಡಿ ಒತ್ತಿದಾಗ ಪರದೆ ಕಪ್ಪಾಗಿಯೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ನನ್ನ ಎದೆ ಹಾರಿತು. ಹೊಸ ಮೆಮೊರಿಯನ್ನು ಬೋರ್ಡು ಪರಿಚಯ ಮಾಡಿಕೊಳ್ಳುತ್ತಿದೆ, ತಾಳಿ, ಎಂದ ಶಿಷ್ಯ. ಕಡೆಗೆ ಬೆಳಕಾಯಿತು.

ನಲವತ್ತೊಂದು ಚೀಟಿಗಳು ಇದರಿಂದ ಮರಳಿ ಬರಲಿಲ್ಲ. ಅಮ್ಮನ ಮಾತನ್ನು ಬೆರಳಚ್ಚಿಸಿ, ಅರ್ಥದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಯಾವಾಗಲಾದರೂ ಅವರ ಬಾಯಿಗೆ ಬಂದೀತು.

ಕಳೆದ ವಾರ ಯಂತ್ರದ ದಿನಚರಿಯನ್ನು ತೆರೆದು ನೋಡಿದೆ. ಮೂರು ತಿಂಗಳಲ್ಲಿ ಒಂದೇ ಒಂದು ಸಾಲು: ಒಂದು ದೋಷ ಕಂಡಿತು, ತಿದ್ದಲಾಯಿತು. ಯಾವ ಚೀಟಿಯದು, ಯಾವ ಅಕ್ಷರದ್ದು ಎಂದು ಬರೆದಿರಲಿಲ್ಲ. ಬಹುಶಃ ಚೀಟಿಯದೇ ಅಲ್ಲ. ಆದರೂ ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.