ನನ್ನ ಗಾಳಿಕೋವಿ

ಮನುಷ್ಯನಿಗೆ ಹವ್ಯಾಸಗಳು ಹೇಗೆ ಅಂಟಿಕೊಳ್ಳುತ್ತವೆ ಎಂಬುದು ಸುಲಭವಾಗಿ ಬಿಡಿಸಲಾಗದ ಒಗಟು. ಅಂಚೆಚೀಟಿ ಕೂಡಿಸುವವನು ಶುಭಮುಹೂರ್ತ ನೋಡಿ ಆ ಕೆಲಸಕ್ಕೆ ತೊಡಗಿರುವುದಿಲ್ಲ. ಯಾರದೋ ಲಕೋಟೆಯ ಮೇಲಿನ ಬಣ್ಣದ ಚೀಟಿಯೊಂದು ಅವನ ಕಣ್ಣಿಗೆ ಬಿದ್ದಿರುತ್ತದೆ, ಅಷ್ಟೆ. ಕನ್ನಡ ಪಾಠ ಹೇಳಿ ಜೀವಿಸುವ ನನ್ನಂಥವನ ಮನೆಯಲ್ಲಿ, ಹಳಗನ್ನಡ ಕಾವ್ಯಗಳ ಕಪಾಟಿನ ಪಕ್ಕದಲ್ಲೇ ಬೀಗ ಹಾಕಿದ ಬೀರುವಿನೊಳಗೆ ಒಂದು ಗಾಳಿಕೋವಿ ಇರುವುದನ್ನು ಕಂಡವರು, “ಇದೇನು ಸ್ವಾಮಿ, ಮೇಷ್ಟರ ಮನೆಯಲ್ಲಿ ಕೋವಿ?” ಎಂದು ಹುಬ್ಬೇರಿಸುತ್ತಾರೆ. “ವಿದ್ಯಾರ್ಥಿಗಳನ್ನು ಹದ್ದುಬಸ್ತಿನಲ್ಲಿಡುವುದಕ್ಕೆ” ಎಂದು ನಕ್ಕು ಮಾತು ತೇಲಿಸುವುದು ನನ್ನ ರೂಢಿ. ಆದರೆ ಕಳೆದ ದಸರೆಯಿಂದ ಈಚೆಗೆ ನನ್ನ ಹತ್ತು ವರ್ಷದ ಮಗ ಅದೇ ಬೀರುವಿನ ಮುಂದೆ ನಿಂತು ಬೇರೊಂದು ಪ್ರಶ್ನೆ ಕೇಳತೊಡಗಿದ್ದಾನೆ: “ಅಪ್ಪಾ, ನನಗ್ಯಾವಾಗ ಕೊಡ್ತೀಯ?” ಇದನ್ನು ನಕ್ಕು ತೇಲಿಸುವಂತಿಲ್ಲ.

ಗಾಳಿಕೋವಿಯ ಗೀಳು ಹತ್ತಿದ ಹಲವರನ್ನು ನಾನು ಬಲ್ಲೆ. ಅವರೆಲ್ಲರೂ ಸುಮಾರಾಗಿ ಮೂರೇ ಬಾಗಿಲುಗಳಿಂದ ಒಳಕ್ಕೆ ಬಂದವರು. ಮೊದಲನೆಯದು ಜಾತ್ರೆಯ ಬಲೂನಿನ ಅಂಗಡಿ. ಎರಡನೆಯದು ಮಕ್ಕಳ ಮೇಲಿನ ಅಕ್ಕರೆಯಲ್ಲಿ ಹಿಂದುಮುಂದು ನೋಡದ ಒಬ್ಬ ಮಾವನೋ ಚಿಕ್ಕಪ್ಪನೋ. ಮೂರನೆಯದು ಟೆಲಿವಿಷನ್ನಿನ ಪರದೆ. ನಾನು ಈ ಮೂರು ಬಾಗಿಲುಗಳನ್ನೂ ಹಾದು ಬಂದವನು. ನಡುವೆ ಒಮ್ಮೆ ಹೊರಕ್ಕೂ ಹೋಗಿದ್ದವನು.

1998ರ ದಸರೆ. ಮೈಸೂರಿನ ವಸ್ತುಪ್ರದರ್ಶನಕ್ಕೆ ನನ್ನ ಸೋದರಮಾವ ನನ್ನನ್ನು ಕರೆದೊಯ್ದಿದ್ದರು. ನನಗಾಗ ಹನ್ನೊಂದು ವರ್ಷ. ಹಪ್ಪಳ ತಿಂದು, ತೊಟ್ಟಿಲು ಹತ್ತಿ ಇಳಿದು, ತಲೆ ಸುತ್ತುತ್ತಿರುವಾಗಲೇ ನಾವು ಬಲೂನಿನ ಅಂಗಡಿಯ ಮುಂದೆ ಬಂದು ನಿಂತೆವು. ಹಲಗೆಯ ಮೇಲೆ ಕೆಂಪು, ಹಳದಿ, ನೀಲಿ ಬಲೂನುಗಳ ಸಾಲು. ಮುಂದೆ ಅಡ್ಡಲಾಗಿ ಒಂದು ಮೇಜು. ಮೇಜಿನ ಮೇಲೆ ಮೂರು ಕೋವಿಗಳು. ಹತ್ತು ಗುಂಡಿಗೆ ಐದು ರೂಪಾಯಿ. ಬ್ಯಾಂಕಿನಲ್ಲಿ ದಿನವೆಲ್ಲ ಇತರರ ಹಣವನ್ನು ಎಣಿಸಿ ಎಣಿಸಿ ತಮ್ಮ ಹಣದ ವಿಷಯದಲ್ಲಿ ಧಾರಾಳಿಯಾಗಿದ್ದ ಮಾವ, “ಹೊಡಿಯೋ, ನೋಡೋಣ” ಎಂದು ಐದರ ನೋಟನ್ನು ಮೇಜಿನ ಮೇಲಿಟ್ಟರು.

ಒಂಬತ್ತು ಗುಂಡುಗಳು ಹಲಗೆಗೆ ಬಡಿದವು. ಇಂಥ ಅಂಗಡಿಗಳ ಕೋವಿಯ ಗುರಿಮೊನೆ ನೆಟ್ಟಗಿರುವುದು ಅಪರೂಪವೆಂಬ ವ್ಯಾಪಾರದ ಗುಟ್ಟು ಆಗ ನನಗೆ ತಿಳಿದಿರಲಿಲ್ಲ. ನನ್ನ ಮುಖ ಕಂಡು ಅಂಗಡಿಯವನಿಗೇ ಮರುಕ ಹುಟ್ಟಿರಬೇಕು. ಬಗ್ಗಿ, ಮೆಲ್ಲನೆ ಹೇಳಿದ: “ಉಸಿರು ಬಿಗಿ ಹಿಡೀಬೇಡ ಮರಿ. ಅರ್ಧ ಬಿಟ್ಟು ನಿಲ್ಲಿಸು. ಕುದುರೇನ ಎಳೀಬೇಡ, ಮೆತ್ತಗೆ ಒತ್ತು. ಇದು ಒಂಚೂರು ಎಡಕ್ಕೆ ಹೊಡೆಯತ್ತೆ, ಬಲಕ್ಕೆ ನೋಡು.” ಹಾಗೆಯೇ ಮಾಡಿದೆ. ಟಪ್ಪೆಂದು ಒಂದು ಹಳದಿ ಬಲೂನು ಇಲ್ಲವಾಯಿತು.

ಆ ಕ್ಷಣವನ್ನು ನಾನು ಅನೇಕ ಸಲ ಕೆದಕಿ ನೋಡಿದ್ದೇನೆ. ಆನಂದವಾದದ್ದು ಬಲೂನು ಒಡೆದದ್ದರಿಂದಲ್ಲ. ಬಲೂನನ್ನು ಗುಂಡುಸೂಜಿಯಿಂದಲೂ ಒಡೆಯಬಹುದು. ಹನ್ನೊಂದು ವರ್ಷದ ಹುಡುಗನ ಮಾತು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಹತ್ತು ಅಡಿ ದೂರ ಹೋಗುವುದಿಲ್ಲ. ಅಂಥವನ ಇಚ್ಛೆಯೊಂದು ಅಷ್ಟು ದೂರ ಹೋಗಿ, ಕೈ ಮುಟ್ಟದೆಯೇ ಒಂದು ವಸ್ತುವನ್ನು ತಾಗಿತು. ಗಾಳಿಕೋವಿ ಹಿಡಿದ ಪ್ರತಿಯೊಬ್ಬನನ್ನೂ ಮೊದಲು ಸೆರೆಹಿಡಿಯುವುದು ಈ ಬೆರಗೇ ಎಂದು ನನ್ನ ನಂಬಿಕೆ. ಒಳ್ಳೆಯದೂ ಕೆಟ್ಟದ್ದೂ ಹುಟ್ಟುವುದು ಅದರಿಂದಲೇ.

ಈ ಯಂತ್ರದ ಒಳಗುಟ್ಟು ಬಲು ಸರಳ. ನಳಿಗೆಯನ್ನು ಕೆಳಕ್ಕೆ ಮಡಚಿದರೆ ಒಳಗಿನ ಉಕ್ಕಿನ ಸುರುಳಿ ಕುಗ್ಗಿ ಸಿಕ್ಕಿಕೊಳ್ಳುತ್ತದೆ. ನಡು ಸಣ್ಣಗಿರುವ, ಡಮರುಗವನ್ನು ಹೋಲುವ ಸೀಸದ ಗುಂಡನ್ನು ಇಟ್ಟು ನಳಿಗೆಯನ್ನು ಮುಚ್ಚಿ ಕುದುರೆಯನ್ನು ಒತ್ತಿದರೆ ಸುರುಳಿ ಚಿಮ್ಮಿ, ಕೊಂತವನ್ನು ತಳ್ಳಿ, ಮುಂದಿನ ಗಾಳಿಯನ್ನು ಅದುಮುತ್ತದೆ. ಆ ಗಾಳಿ ಗುಂಡನ್ನು ಹೊರಕ್ಕೆ ಎಸೆಯುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ಹಾಗೆಂದು ಇದು ಬರಿಯ ಆಟಿಕೆಯೆಂದು ತಿಳಿಯುವುದು ತಪ್ಪು. 1780ರ ಸುಮಾರಿನಲ್ಲಿ ಆಸ್ಟ್ರಿಯದ ಸೈನ್ಯ ಗಾಳಿಯ ಬಲದ ಕೋವಿಗಳನ್ನು ಯುದ್ಧಕ್ಕೇ ಒಯ್ದಿತ್ತು. ಅದು ಹುಡುಗರ ಕೈಗೆ ಬಂದ ಬಗೆ ಇನ್ನೂ ಸ್ವಾರಸ್ಯವಾದದ್ದು. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಕಬ್ಬಿಣದ ಗಾಳಿಯಂತ್ರಗಳನ್ನು ಮಾಡಿ ರೈತರಿಗೆ ಮಾರುತ್ತಿದ್ದ ಒಂದು ಕಂಪನಿ, 1888ರ ಸುಮಾರಿಗೆ ಒಂದು ಗಾಳಿಯಂತ್ರ ಕೊಂಡವರಿಗೆ ಒಂದು ಗಾಳಿಕೋವಿಯನ್ನು ಉಚಿತವಾಗಿ ಕೊಡತೊಡಗಿತು. ರೈತರ ಮಕ್ಕಳಿಗೆ ನೀರೆತ್ತುವ ಯಂತ್ರ ಯಾತಕ್ಕೆ ಬೇಕು? ಕೋವಿಗೇ ಗಿರಾಕಿಗಳು ಹೆಚ್ಚಿದರು. ಕೊನೆಗೆ ಕಂಪನಿ ಗಾಳಿಯಂತ್ರವನ್ನೇ ಕೈಬಿಟ್ಟು, 1895ರಲ್ಲಿ ತನ್ನ ಕೋವಿಯ ಹೆಸರಾದ ‘ಡೈಸಿ’ಯನ್ನೇ ತನಗೂ ಇಟ್ಟುಕೊಂಡಿತು. ಕೊಸರಿಗೆ ಬಂದದ್ದು ಅಸಲನ್ನು ನುಂಗಿತು!

ನನಗೂ ಕೋವಿ ಬಂದದ್ದು ಉಚಿತವಾಗಿಯೇ. 2000ದ ಬೇಸಿಗೆಯಲ್ಲಿ ನಾನು ಏಳನೆಯ ತರಗತಿಯ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದೆನೆಂದು ಮಾವ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದರು. “ಮಗು ಕೈಗೆ ಪುಸ್ತಕ ಕೊಡೋದು ಬಿಟ್ಟು ಕೋವಿ ಕೊಟ್ಟೆಯಲ್ಲೋ” ಎಂದು ಅಮ್ಮ ತಮ್ಮನನ್ನು ಬೈದರು. ಮಾವ ನಕ್ಕರು. ಹಿತ್ತಲಿನಲ್ಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಇಟ್ಟುಕೊಟ್ಟು, ಎರಡು ಭಾನುವಾರ ಹೇಳಿಕೊಟ್ಟು, ಅವರು ತಮ್ಮ ಊರಿಗೆ ಹೋದರು. ಕೋವಿ ನನ್ನ ಬಳಿ ಉಳಿಯಿತು, ಹೇಳಿಕೊಡುವವರು ಉಳಿಯಲಿಲ್ಲ.

ಬೆಂಕಿಪೊಟ್ಟಣಗಳು ಒಂದು ತಿಂಗಳಿಗೆ ಸಪ್ಪೆಯಾದವು. ಅಲುಗಾಡದ ವಸ್ತುವನ್ನು ಹೊಡೆಯುವುದರಲ್ಲಿ ಏನಿದೆ ಎನ್ನಿಸತೊಡಗಿತು. ಒಂದು ಬೆಳಗ್ಗೆ ಸೀಬೆಯ ಮರದ ಮೇಲೆ ಒಂದು ಪಿಕಳಾರ ಬಂದು ಕೂತಿತು. ಕರಿಯ ಜುಟ್ಟು, ಕೆನ್ನೆಯಲ್ಲಿ ಕೆಂಪು ಚುಕ್ಕೆ. ಅಂಗಡಿಯವನ ಪಾಠವನ್ನು ಅಕ್ಷರಶಃ ಪಾಲಿಸಿದೆ. ಉಸಿರನ್ನು ಅರ್ಧ ಬಿಟ್ಟೆ, ನಿಲ್ಲಿಸಿದೆ, ಕುದುರೆಯನ್ನು ಮೆತ್ತಗೆ ಒತ್ತಿದೆ.

ಹಕ್ಕಿ ಎಲೆಯ ಹಾಗೆ ಬಿತ್ತು. ಓಡಿಹೋಗಿ ಎತ್ತಿಕೊಂಡೆ. ಕಲ್ಲಿನಂತೆ ತಣ್ಣಗಿರುವುದೆಂದು ಭಾವಿಸಿದ್ದೆನೋ ಏನೋ, ಅಂಗೈಯಲ್ಲಿ ಅದರ ಬಿಸುಪು ತಿಳಿದಾಗ ಬೆಚ್ಚಿದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ನನ್ನ ಕೈಯಲ್ಲೇ ನಿಂತಿತು. ಹೂ ಬಿಡಿಸಲು ಬಂದಿದ್ದ ಅಜ್ಜಿ ಎಲ್ಲವನ್ನೂ ಕಂಡಿದ್ದರು. ಅವರು ಗದರಲಿಲ್ಲ. ಹರಿಕಥೆ, ಗಮಕಗಳಲ್ಲಿ ಆಯುಷ್ಯ ಕಳೆದ ಜೀವ ಅದು. ಹೂಬುಟ್ಟಿ ಕೆಳಗಿಟ್ಟು ಕೇಳಿದರು: “ಅರ್ಜುನ ಹಕ್ಕಿ ಕಣ್ಣಿಗೆ ಗುರಿ ಇಟ್ಟ ಅಂತ ಕುಣೀತಿದ್ದೆಯಲ್ಲ ಮಗು, ದ್ರೋಣಾಚಾರ್ಯರು ಮರದ ಮೇಲೆ ಇಟ್ಟದ್ದು ಜೀವ ಇರೋ ಹಕ್ಕಿನಾ?”

ನನ್ನಲ್ಲಿ ಉತ್ತರವಿರಲಿಲ್ಲ. “ಅಲ್ಲ. ಶಿಲ್ಪಿಗಳ ಕೈಲಿ ಮಾಡಿಸಿದ್ದು. ಕಲಿಯೋ ಹುಡುಗರಿಗೆ ಅಷ್ಟು ಸಾಕು ಅಂತ ಗುರುವಿಗೆ ಗೊತ್ತಿತ್ತು” ಎಂದರು. ನಾವಿಬ್ಬರೂ ಸೀಬೆಯ ಬುಡದಲ್ಲಿ ಗುಳಿ ತೋಡಿದೆವು. ಅದರ ಜೊತೆಯ ಹಕ್ಕಿ ಇನ್ನೂ ಎರಡು ದಿನ ಅದೇ ಕೊಂಬೆಗೆ ಬಂದು ಕೂಗಿತು. ನಾನು ಕಿಟಕಿ ಮುಚ್ಚಿಕೊಂಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಂದಿದೆಯೆಂದೂ ಇಂಥ ಬೇಟೆ ಅಪರಾಧವೆಂದೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ಆ ಎರಡು ದಿನಗಳಿಗಿಂತ ಹೆಚ್ಚಿನ ಶಿಕ್ಷೆಯನ್ನು ಯಾವ ನ್ಯಾಯಾಲಯವೂ ನನಗೆ ವಿಧಿಸಲಾರದು. ಕೋವಿ ಅಟ್ಟ ಸೇರಿತು.

ಮುಂದೆ ಕಾಲೇಜಿನ ಗ್ರಂಥಾಲಯದಲ್ಲಿ ಪಕ್ಷಿತಜ್ಞ ಸಾಲಿಂ ಅಲಿಯವರ ಆತ್ಮಕಥೆ ನನ್ನ ಕೈಗೆ ಸಿಕ್ಕಿತು. 1985ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರಿನಲ್ಲಿಯೇ ಒಂದು ಗುಬ್ಬಿ ಬೀಳುತ್ತದೆ. ಮುಂಬಯಿಯಲ್ಲಿ ಹುಡುಗನಾಗಿದ್ದಾಗ ಅವರೂ ಗಾಳಿಕೋವಿಯಿಂದ ಒಂದು ಗುಬ್ಬಿಯನ್ನು ಹೊಡೆದರು. ಎತ್ತಿಕೊಂಡು ನೋಡಿದರೆ ಕತ್ತಿನ ಬಳಿ ಹಳದಿಯ ಮಚ್ಚೆ; ಎಂದೂ ಕಾಣದ ಬಗೆಯ ಗುಬ್ಬಿ. ಮಾವ ಅಮೀರುದ್ದೀನ್ ತ್ಯಾಬ್ಜಿಯವರು ಹುಡುಗನನ್ನು ಬೈದು ಸುಮ್ಮನಾಗಲಿಲ್ಲ, ಹೊಗಳಿ ಕೆಡಿಸಲೂ ಇಲ್ಲ. ಮುಂಬಯಿಯ ಪ್ರಕೃತಿ ವಿಜ್ಞಾನ ಸಂಘದ ದಾರಿ ತೋರಿಸಿದರು. ಸಂಘದ ಕಾರ್ಯದರ್ಶಿ ಮಿಲ್ಲರ್ಡ್ ಎಂಬ ಆಂಗ್ಲರು ಹಕ್ಕಿಯನ್ನು ಗುರುತಿಸಿ, ತಮ್ಮಲ್ಲಿದ್ದ ಪಕ್ಷಿಸಂಗ್ರಹದ ಪೆಟ್ಟಿಗೆಗಳನ್ನೆಲ್ಲ ಆ ಹುಡುಗನ ಮುಂದೆ ತೆರೆದಿಟ್ಟರು. ನಮ್ಮ ಮೈಸೂರು ಸಂಸ್ಥಾನದ ಪಕ್ಷಿಗಳನ್ನೂ ಮುಂದೆ ಸಮೀಕ್ಷೆ ಮಾಡಿದ ಮಹಾನುಭಾವರು ಹುಟ್ಟಿದ್ದು ಆ ದಿನ.

ಬೇಡನ ಬಾಣಕ್ಕೆ ಒಂದು ಕ್ರೌಂಚ ಬಿದ್ದಾಗ ಆದಿಕವಿಯ ಬಾಯಲ್ಲಿ ಶ್ಲೋಕ ಹುಟ್ಟಿತು. ಒಂದು ಗುಬ್ಬಿ ಬಿದ್ದಾಗ ನಮ್ಮ ದೇಶಕ್ಕೆ ಒಬ್ಬ ಪಕ್ಷಿತಜ್ಞ ದೊರಕಿದ. ನನ್ನ ಪಿಕಳಾರದಿಂದ ಏನೂ ಹುಟ್ಟಲಿಲ್ಲವಲ್ಲ ಎಂದು ಅಂದು ವ್ಯಥೆಪಟ್ಟೆ. ಆದರೆ ಒಂದು ಮಾತು ಮನಸ್ಸಿಗೆ ಹೊಳೆಯಿತು. ಕೋವಿ ಕೈಗೆ ಬಂದ ಹುಡುಗ ಮುಂದೆ ಏನಾಗುತ್ತಾನೆಂಬುದನ್ನು ನಿರ್ಣಯಿಸುವುದು ಕೋವಿಯಲ್ಲ. ಗುಂಡು ಹಾರುವ ಮುನ್ನ, ಹಾರಿದ ಮೇಲೆ, ಅವನ ಪಕ್ಕದಲ್ಲಿ ಯಾರು ನಿಂತಿರುತ್ತಾರೆ ಎಂಬುದು.

ಮೂರನೆಯ ಬಾಗಿಲು ತೆರೆದದ್ದು 2008ರ ಆಗಸ್ಟ್ 11ರಂದು. ನಾನಾಗ ಎಂ.ಎ. ವಿದ್ಯಾರ್ಥಿ. ಬೀಜಿಂಗಿನ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಗಾಳಿಕೋವಿಯ ಸ್ಪರ್ಧೆಯಲ್ಲಿ ಚಿನ್ನ ಗೆದ್ದರು. ವ್ಯಕ್ತಿಗತ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಚಿನ್ನ. ಹಾಸ್ಟೆಲಿನ ಟಿ.ವಿ.ಯ ಮುಂದೆ ಎಲ್ಲರೂ ಕೂಗಾಡುತ್ತಿದ್ದರೆ ನಾನು ಮೂಕನಾಗಿ ಆ ಕಾಗದದ ಗುರಿಯನ್ನೇ ನೋಡುತ್ತಿದ್ದೆ. ಹತ್ತು ಅಂಕ ತರುವ ನಟ್ಟನಡುವಣ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು. ಗುಂಡಿನ ಅಗಲ ನಾಲ್ಕೂವರೆ ಮಿಲಿಮೀಟರು! ಹತ್ತು ಮೀಟರು ದೂರದಿಂದ ಆ ಚುಕ್ಕೆ ಬರಿಗಣ್ಣಿಗೆ ಕಾಣಿಸುವುದೂ ಇಲ್ಲ. ಕಾಣದ್ದಕ್ಕೆ ಗುರಿಯಿಟ್ಟು, ಎದೆಯ ಬಡಿತಕ್ಕೆ ಕೋವಿ ಕದಲದಂತೆ ನಿಲ್ಲುವ ವಿದ್ಯೆ ಅದು. ಅಲುಗಾಡದ ವಸ್ತುವನ್ನು ಹೊಡೆಯುವುದರಲ್ಲಿ ಏನಿದೆ ಎಂದು ಹುಡುಗನಾಗಿದ್ದಾಗ ಕೇಳಿದ್ದೆನಲ್ಲ, ಉತ್ತರ ದೊರಕಿತು. ಅಲ್ಲಿ ಅಲುಗಾಡುವುದು ಗುರಿಯಲ್ಲ, ನಾನು.

ರಜೆಗೆ ಊರಿಗೆ ಹೋದಾಗ ಅಜ್ಜಿಯ ಬಳಿ ಕುಳಿತು, ಕೋವಿಯನ್ನು ಅಟ್ಟದಿಂದ ಇಳಿಸಲೇ ಎಂದು ಕೇಳಿದೆ. ಕಣ್ಣು ಮಂಜಾಗಿದ್ದರೂ ಅವರ ನೆನಪು ಮಂಜಾಗಿರಲಿಲ್ಲ. “ಕಾಗದಕ್ಕೆ ಹೊಡೆಯೋದಾದರೆ ಇಳಿಸಿಕೋ. ಕಾಗದಕ್ಕೆ ಜೊತೆಯವರು ಇರೋದಿಲ್ಲ” ಎಂದರು. ಅಂದಿನಿಂದ ಇಂದಿನವರೆಗೆ ನನ್ನ ಗುಂಡು ಕಾಗದದ ಆಚೆಗೆ ಹೋಗಿಲ್ಲ.

2021ರಲ್ಲಿ ಅರುಣಾಚಲ ಪ್ರದೇಶದಲ್ಲಿ ಗಾಳಿಕೋವಿಗಳನ್ನು ಒಪ್ಪಿಸುವ ಆಂದೋಲನ ಆರಂಭವಾಯಿತು. ಕಾಡಿನ ಹಕ್ಕಿಗಳು ಉಳಿಯಲೆಂದು ಹಳ್ಳಿಯ ಜನ ಸ್ವಇಚ್ಛೆಯಿಂದ ಎರಡು ಸಾವಿರಕ್ಕೂ ಹೆಚ್ಚು ಕೋವಿಗಳನ್ನು ತಂದೊಪ್ಪಿಸಿದರು. ಆ ಸುದ್ದಿಯನ್ನು ಓದಿದ ದಿನ ನನ್ನ ಕೋವಿಯನ್ನೂ ಎಲ್ಲಿಯಾದರೂ ಒಪ್ಪಿಸಿಬಿಡಲೇ ಎನ್ನಿಸಿದ್ದುಂಟು. ನಮ್ಮ ಕಾನೂನಿನಲ್ಲಿ 4.5 ಮಿಲಿಮೀಟರು ನಳಿಗೆಯ, 20 ಜೂಲ್ ಶಕ್ತಿಗೆ ಕಡಿಮೆಯ ಗಾಳಿಕೋವಿಗೆ ಪರವಾನಗಿಯೇ ಬೇಡ. ಪರವಾನಗಿ ಬೇಡವಾದ ಕಡೆಯಲ್ಲಿ ವಿವೇಕ ಇಮ್ಮಡಿಯಾಗಿ ಬೇಕು. ಕೊಡುವವರು ಅದನ್ನೂ ಜೊತೆಗೆ ಕೊಡಬೇಕು.

ಮಗನ ಪ್ರಶ್ನೆಯನ್ನು ಮನೆಯಾಕೆಯ ಮುಂದಿಟ್ಟೆ. “ಹೊಡೆಯೋದು ಕಲಿಯೋಕಾದರೆ ಬೇಡ. ಅಲ್ಲಾಡದೆ ನಿಲ್ಲೋದು ಕಲಿಯೋಕಾದರೆ ಕೊಡಿ. ಅವನು ಐದು ನಿಮಿಷ ಒಂದು ಕಡೆ ನಿಂತದ್ದನ್ನ ನಾನಿನ್ನೂ ಕಂಡಿಲ್ಲ” ಎಂಬುದು ಆಕೆಯ ತೀರ್ಪು. ಸರಿ, ಕಳೆದ ಭಾನುವಾರ ಹಿತ್ತಲಿನ ಗೋಡೆಗೆ ಒತ್ತಿ ಮರಳು ತುಂಬಿದ ಪೆಟ್ಟಿಗೆಯನ್ನಿಟ್ಟು, ಅದರ ಮುಂದೆ ಕಾಗದ ಅಂಟಿಸಿದೆ. ಇಬ್ಬರೂ ಕಣ್ಣಿಗೆ ಕನ್ನಡಕ ಧರಿಸಿದೆವು. ಗುಂಡು ಇರಲಿ, ಇಲ್ಲದಿರಲಿ, ನಳಿಗೆ ಯಾರ ಕಡೆಗೂ ತಿರುಗಬಾರದೆಂಬ ಮಾತನ್ನು ಮೂರು ಸಲ ಅವನಿಂದಲೇ ಹೇಳಿಸಿದೆ. ಆಮೇಲೆ ಅಂಗಡಿಯವನ ಪಾಠ: ಉಸಿರು ಅರ್ಧ ಬಿಡು, ನಿಲ್ಲಿಸು, ಒತ್ತು.

ನಾಲ್ಕನೆಯ ಗುಂಡು ಕಾಗದದ ಅಂಚನ್ನು ತಾಗಿತು. ಅವನ ಮುಖದಲ್ಲಿ 1998ರ ಹಳದಿ ಬಲೂನು ಒಡೆಯಿತು. ಐದನೆಯದಕ್ಕೆ ಅವನು ಕೋವಿ ಎತ್ತಿದ ಹೊತ್ತಿಗೆ ಎಲ್ಲಿಂದಲೋ ಒಂದು ಪಿಕಳಾರ ಹಾರಿ ಬಂದು ಗೋಡೆಯ ಮೇಲೆ, ಪೆಟ್ಟಿಗೆಗೆ ಮೂರು ಮೊಳ ಮೇಲಕ್ಕೆ, ಕೂತಿತು. ನನ್ನ ಕೈ ತಾನಾಗಿಯೇ ನಳಿಗೆಯ ಮೇಲೆ ಹೋಯಿತು. ಕೋವಿ ನಿಧಾನವಾಗಿ ಕೆಳಗಿಳಿಯಿತು. “ಅದು ಹೋಗಲಿ ಇರಪ್ಪ” ಎಂದ ಮಗ, ಹಕ್ಕಿಯನ್ನೇ ನೋಡುತ್ತಾ.

ಅವನಾಗಿ ಇಳಿಸಿದನೋ ನನ್ನ ಕೈಯ ಭಾರಕ್ಕೆ ಇಳಿಸಿದನೋ, ಇಂದಿಗೂ ಹೇಳಲಾರೆ. ಅದು ನಿಶ್ಚಯವಾಗಿ ತಿಳಿಯುವ ದಿನದವರೆಗೆ, ಓದುಗರೇ, ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲಿರುತ್ತದೆ. ಭಾನುವಾರ ಬೆಳಗ್ಗೆ ನಾನು ಅವನ ಪಕ್ಕದಲ್ಲಿರುತ್ತೇನೆ.