ಗದಗ–ಬೆಟಗೇರಿಯ ಚಹದಂಗಡಿಗಳು

ಇತಿಹಾಸದ ತಾಸಿನಲ್ಲಿ ತೂಕಡಿಸುವವರ ಸಂಘವೊಂದು ನಮ್ಮ ವರ್ಗದಲ್ಲಿರುವದು ಗುರುಗಳಿಗೆ ತಿಳಿಯದ ಸಂಗತಿಯೇನಲ್ಲ. ನಾನೂ ಅದರ ಹಳೆಯ ಸದಸ್ಯ. ಆದರೆ ಇಂಗ್ಲಂಡಿನ ಕೈಗಾರಿಕಾ ಕ್ರಾಂತಿಯ ಪಾಠ ನಡೆದಿದ್ದಾಗ ಒಂದು ದಿನ ಅವರು ಯಂತ್ರಗಳನ್ನು ಬದಿಗಿಟ್ಟು ಅಲ್ಲಿಯ ಬೀರಿನ ಅಂಗಡಿಗಳ ಮಾತು ತೆಗೆದರು. ಸಂಘ ಅಂದೇ ವಿಸರ್ಜನೆಯಾಯಿತು!

ಲ್ಯಾಂಕಶಾಯರದ ಬೋಲ್ಟನ್ ಎಂಬುದು ನೂಲಿನ ಗಿರಣಿಗಳ ಊರು. ೧೯೩೭ರಿಂದ ಕೆಲವರು ಅಲ್ಲಿಯ ಪಬ್ಬುಗಳಲ್ಲಿ ಕುಳಿತು, ಕೂಲಿಕಾರರು ಎಷ್ಟು ಕುಡಿಯುತ್ತಾರೆ, ಏನು ಮಾತಾಡುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟರು. ಅದು ೧೯೪೩ರಲ್ಲಿ ‘ದಿ ಪಬ್ ಅಂಡ್ ದಿ ಪೀಪಲ್’ ಎಂಬ ಪುಸ್ತಕವಾಗಿ ಬಂದಿತು. ಒಂದೇ ಪಬ್ಬಿನಲ್ಲಿ ಕೋಣೆಗಳು ಬೇರೆ ಬೇರೆ. ‘ವಾಲ್ಟ್’ ಎಂಬ ಕೋಣೆ ಕೆಲಸದ ಬಟ್ಟೆಯಲ್ಲೇ ಬಂದ ಗಂಡಸರಿಗೆ. ಒಳಗಿನ ಮೆತ್ತನೆಯ ಕುರ್ಚಿಗಳ ಕೋಣೆಯಲ್ಲಿ ಕುಳಿತರೆ ಬೀರಿಗೆ ಒಂದು ಪೆನ್ನಿ ಹೆಚ್ಚು. ಈ ಒಂದು ಪೆನ್ನಿಯ ಮಾತು ನನ್ನ ತಲೆಯಲ್ಲಿ ಹೊಕ್ಕು ಕುಳಿತಿತು.

ಆ ಗಿರಣಿಗಳಿಗೂ ನಮಗೂ ಹಳೆಯ ನಂಟು. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವಾಗಿ ಅಲ್ಲಿಯ ಅರಳೆ ನಿಂತಾಗ ಲ್ಯಾಂಕಶಾಯರದವರು ಹಿಂದುಸ್ಥಾನದ ಕಡೆಗೆ ನೋಡಿದರು. ಧಾರವಾಡ ಸೀಮೆಯ ಎರಿಹೊಲಗಳ ಅರಳೆ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಹೋಗುತ್ತಿತ್ತು. ವ್ಯಾಪಾರದಲ್ಲಿ ಆ ಅರಳೆಗೆ ‘ಕುಮಟಾ’ ಎಂದೇ ಹೆಸರು. ಬೆಳೆದವರ ಹೆಸರಲ್ಲ, ಹಡಗು ಹತ್ತಿಸಿದವರ ಊರಿನ ಹೆಸರು! ಇರಲಿ. ಲಕ್ಷ್ಮೇಶ್ವರದ ಹತ್ತಿರದ ನಮ್ಮ ಅಡರಕಟ್ಟಿಯಲ್ಲಿ ಹತ್ತಿ ಬಿಡಿಸುತ್ತ ಬೆಳೆದ ನನಗೆ, ಬೋಲ್ಟನ್ನಿನವರು ತಮ್ಮ ಕೂಲಿಕಾರರನ್ನು ನೋಡಿದ ಹಾಗೆ ನಮ್ಮವರನ್ನು ನಾನು ನೋಡಬಾರದೇಕೆ ಎನ್ನಿಸಿತು. ಬೀರು ನನ್ನ ಕಿಸೆಗೂ ಹಿಡಿಸುವದಲ್ಲ, ಈ ವಾರ್ಷಿಕ ಸಂಚಿಕೆಯ ಸಂಪಾದಕರಿಗೂ ಹಿಡಿಸುವದಲ್ಲ. ಆದ್ದರಿಂದ ಗದಗ–ಬೆಟಗೇರಿಯ ಹಳೆಯ ಚಹದಂಗಡಿಗಳನ್ನು ಆರಿಸಿಕೊಂಡೆ.

ನೇಕಾರರ ಬೆಟಗೇರಿಗೆ ಮೊದಲು ಹೋದೆ. ಓಣಿಯ ತುದಿಯಲ್ಲಿ ಒಂದು ಅಂಗಡಿ. ಎರಡು ಬಾಕು, ಒಂದು ಒಲೆ, ಚಹಾ ಸೋಸಿ ಸೋಸಿ ಕಾವಿಯ ಬಣ್ಣಕ್ಕೆ ತಿರುಗಿದ ಒಂದು ಅರಿವೆ. ನೀರು, ಸಕ್ಕರೆ, ಪುಡಿ, ಜಜ್ಜಿದ ಹಸಿಶುಂಠಿ ಕೂಡಿ ಕುದಿದ ಮೇಲೆಯೇ ಹಾಲು. ಪುಡಿ ಕಾಳುಕಾಳಾದ ಸಿ.ಟಿ.ಸಿ.; ೧೯೩೦ರ ದಶಕದಲ್ಲಿ ಅಸ್ಸಾಮದಲ್ಲಿ ಹುಟ್ಟಿದ ಯಂತ್ರದ ಕೂಸು. ಸ್ವಲ್ಪ ಪುಡಿಯಲ್ಲಿ ಬಹಳ ಕಪ್ಪು ತುಂಬುವದರಿಂದ ಬಡವರ ಊರುಗಳನ್ನೆಲ್ಲ ಅದು ಗೆದ್ದಿತು. ಮಗ್ಗದ ಸಪ್ಪಳ ನಿಂತ ಕೂಡಲೆ ನಾಲ್ಕೈದು ಜನ ಬಂದು ಕುಳಿತರು. ಯಾರೂ ಏನೂ ಕೇಳಲಿಲ್ಲ, ಅಂಗಡಿಯವನು ಅರ್ಧರ್ಧ ಕಪ್ಪು ತಂದಿಟ್ಟ. ನೂಲಿನ ದರ, ಸೀರೆಯ ಮಜೂರಿ, ಮಗಳ ಲಗ್ನ, ಎಲ್ಲವೂ ಆ ಅರ್ಧ ಕಪ್ಪಿನಲ್ಲಿ ಮುಗಿದವು. ಒಬ್ಬರು ರೊಕ್ಕ ಕೊಡಲಿಲ್ಲ. ಅಂಗಡಿಯವನು ಉದ್ರಿಯ ವಹಿಯಲ್ಲಿ ಒಂದು ಗೆರೆ ಎಳೆದ. ಪಕ್ಕದಲ್ಲೇ ಫೋನಿನಿಂದ ಹಣ ಕಳಿಸುವ ಚಿತ್ರದ ಹಲಗೆಯೂ ತೂಗುತ್ತಿತ್ತು.

ಸ್ಟೇಶನ್ನಿನ ಕಡೆಯ ಅಂಗಡಿಯ ಚಹಾ ಬರೀ ಸಿಹಿ. ಛಾಪಖಾನೆಗಳ ಓಣಿಯಲ್ಲಿ ಕುಡಿದದ್ದು ಖಡಕ್, ಆದರೆ ಕಾಗದದ ಕಪ್ಪು! ಬಸಿಗೆ ಸುರುವಿ ಊದಿ ಕುಡಿಯದ ಚಹಾ ಅರ್ಧ ಚಹವೇ ಸರಿ ಎಂದು ನನ್ನ ಮತ.

ಒಬ್ಬ ಮುದುಕರು ನನಗೊಂದು ಮಾತು ಹೇಳಿದರು. ಧಾರವಾಡ ಜಿಲ್ಲೆಯು ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿತ್ತಷ್ಟೆ. ೧೯೪೯ರ ಪಾನನಿರೋಧ ಕಾಯ್ದೆ ಬಂದ ಮೇಲೆ, ದುಡಿದು ಬಂದವನು ರಾಜಾರೋಷವಾಗಿ ಕುಳಿತುಕೊಳ್ಳಲು ಚಹದಂಗಡಿಯೊಂದೇ ಉಳಿದಿತ್ತೆಂದು ಅವರ ತಂದೆ ಹೇಳುತ್ತಿದ್ದರಂತೆ. ‘ದುಡಿದು ಬಂದವನು’ ಎಂದು ಅವರು ಅಂದದ್ದನ್ನು ನಾನು ಹಾಗೆಯೇ ಬರೆದುಕೊಂಡೆ. ಆ ಮಾತಿನಲ್ಲಿ ಎಲ್ಲರೂ ಸೇರಿದ್ದರೋ ಇಲ್ಲವೋ ಎಂಬ ಯೋಚನೆ ಆಗ ಬರಲಿಲ್ಲ.

ಮುಂದಿನ ವಾರ ಹತ್ತಿ ಮಾರಲು ನಮ್ಮ ಅಜ್ಜ ಗದಗಿಗೆ ಬಂದ. ಮಾರಾಟ ಮುಗಿಯುವಾಗ ಮಧ್ಯಾಹ್ನ ತಿರುಗಿತ್ತು. ನನ್ನ ಪಟ್ಟಿಯಲ್ಲಿ ಉಳಿದಿದ್ದ ಒಂದು ಅಂಗಡಿಗೆ ಅವನನ್ನು ಕರೆದುಕೊಂಡು ಹೋದೆ. ನಾನು ಒಳಗೆ ಹೋಗಿ ಕುಳಿತು ಹೊರಳಿ ನೋಡಿದರೆ ಅಜ್ಜನಿಲ್ಲ. ಹೊರಗೆ ಗೋಡೆಗೆ ಆತು ನಿಂತಿದ್ದ.

“ಒಳಗ ಬಾ ಅಜ್ಜಾ.”

“ಇಲ್ಲೇ ಛಲೋ ಗಾಳಿ ಐತಿ. ನೀ ಕುಡದು ಬಾ. ನನಗ ಇಲ್ಲೇ ಕೊಡಸು.”

ಬಿರುಬಿಸಿಲು. ಗಾಳಿಯ ಸುಳಿವೂ ಇರಲಿಲ್ಲ.

ಅಜ್ಜ ಹುಡುಗನಾಗಿದ್ದಾಗ ಕೂಲಿಗೆ ಹೋಗುತ್ತಿದ್ದ ಒಂದೂರ ಹೋಟೇಲಿನಲ್ಲಿ ನಮ್ಮವರ ಕಪ್ಪು ಹೊರಗಿನ ಗೂಡಿನಲ್ಲಿರುತ್ತಿತ್ತು. ಕಿವಿ ಮುರಿದದ್ದು. ಮೇಲಿನಿಂದ ಹೊಯ್ದ ಚಹಾ ಕುಡಿದು, ತಾವೇ ತೊಳೆದು, ಗೂಡಿನಲ್ಲಿಟ್ಟು ಹೋಗಬೇಕು. ರೊಕ್ಕ ಮಾತ್ರ ಎಲ್ಲರಷ್ಟೇ. ಅಂಗಡಿ, ಹೋಟೇಲುಗಳೊಳಗೆ ಹೋಗಲು ಜಾತಿಯ ಕಾರಣದಿಂದ ಯಾರಿಗೂ ತಡೆಯಿರಬಾರದೆಂದು ಸಂವಿಧಾನದ ೧೫ನೆಯ ವಿಧಿ ೧೯೫೦ರಿಂದಲೇ ಹೇಳುತ್ತ ಬಂದಿದೆ. ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ೧೯೫೫ರಲ್ಲಿ ಬಂದಿತು. ಪರೀಕ್ಷೆಗೆ ಇವನ್ನು ನಾನು ಬಾಯಿಪಾಠ ಮಾಡಿದ್ದೇನೆ, ಅಂಕಗಳೂ ಬಂದಿವೆ. ಅಜ್ಜನ ಗೂಡು ಅದಾದ ಮೇಲಿನದು. ಬೋಲ್ಟನ್ನಿನ ಕೂಲಿಕಾರ ಒಂದು ಪೆನ್ನಿ ಹೆಚ್ಚು ಕೊಟ್ಟರೆ ಮೆತ್ತನೆಯ ಕುರ್ಚಿಗೆ ಹೋಗಬಹುದಾಗಿತ್ತು. ಅಜ್ಜ ಎಷ್ಟು ಕೊಟ್ಟಿದ್ದರೆ ಒಳಗಿನ ಬಾಕು ಸಿಗುತ್ತಿತ್ತು? ಆ ಹೋಟೇಲು ಮುಚ್ಚಿ ಎಷ್ಟೋ ವರ್ಷಗಳಾದವು. ಅಜ್ಜನ ಕಾಲುಗಳಿಗೆ ಮಾತ್ರ ಅದು ಇನ್ನೂ ನೆನಪಿದೆ.

ನಾನು ಎದ್ದು ಹೊರಗೆ ಹೋಗಿ ಅವನ ಕೈ ಹಿಡಿದೆ. ಅಷ್ಟರಲ್ಲಿ ಒಲೆಯ ಮುಂದಿನವನು, “ಬರ್ರಿ ಯಜಮಾನ್ರ, ಬಿಸಲಾಗ ಯಾಕ ನಿಂತೀರಿ, ಕುಂದರ ಬರ್ರಿ” ಎಂದ. ಅಜ್ಜ ಪಟಗ ಸರಿಮಾಡಿಕೊಂಡು ಬಂದು ಬಾಕಿನ ತುದಿಗೆ ಕುಳಿತ. ಕಪ್ಪು–ಬಸಿ ಬಂದಿತು. ಬಸಿಗೆ ಸುರುವಿಕೊಂಡು ಕುಡಿಯುವವರೆಗೆ ಒಂದು ಮಾತೂ ಆಡಲಿಲ್ಲ. ಕುಡಿದವನೇ ಕಪ್ಪು–ಬಸಿ ಎರಡನ್ನೂ ಹಿಡಿದುಕೊಂಡು ನಳದ ಕಡೆಗೆ ಎದ್ದ. ಅಂಗಡಿಯ ಹುಡುಗ ಓಡಿ ಬಂದು, “ಇಡ್ರಿ ಅಜ್ಜಾರ, ಅದು ನನ್ನ ಕೆಲಸ” ಎಂದು ಇಸಿದುಕೊಂಡ. ಬರಿದಾದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅಜ್ಜ ಒಂದು ಗಳಿಗೆ ಹಾಗೆಯೇ ನಿಂತ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಕೇಳಿದ:

“ಎಷ್ಟ ಕೊಟ್ಟಿ?”

“ಇಬ್ಬರದೂ ಕೂಡಿ ಇಪ್ಪತ್ತು.”

“ಇಪ್ಪತ್ತು ಇಸಗೊಂಡು ಅಷ್ಟ ನೀರ ಹಾಕ್ಯಾನ ನೋಡು. ಶುಂಠಿ ಅಂತೂ ಹೆಸರಿಗೂ ಇಲ್ಲ. ಮುಂದಿನ ಸಲ ಬಂದಾಗ ಆ ಬೆಟಗೇರಿ ಅಂಗಡಿಗೆ ಹೋಗೂಣು.”